ಐದರಿಂದ ಆರಕ್ಕೆ

9 ಜೂನ್ 2024, ಭಾನುವಾರ

ಈ ಕೆಲಸ ಕೊನೆಗೂ ನನ್ನ ಕೊರಳಿಗೇ ಬಿತ್ತು. ‘ಸಂಪುಟ’ ತಂತ್ರಾಂಶದ ಐದನೇ ಆವೃತ್ತಿಯಿಂದ ಆರನೆಯದಕ್ಕೆ ದಾಟುವ ಯೋಜನೆಯನ್ನು ಯಾರು ಬರೆಯುತ್ತೀರಿ ಎಂದು ಇವತ್ತಿನ ಆನ್‌ಲೈನ್ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರೂ ಮೈಕ್ ಆಫ್ ಮಾಡಿಕೊಂಡರು. ನಾನು ಎಂದಿನಂತೆ ನಡಾವಳಿ ಬರೆದುಕೊಳ್ಳುತ್ತಿದ್ದೆ. ತುಮಕೂರಿನ ವೇಣು ನನ್ನ ಹೆಸರು ಹಿಡಿದು, ಕವಿತಕ್ಕ ಹೇಗೂ ಎಲ್ಲ ಬರೆಯುತ್ತಾರೆ, ಇದನ್ನೂ ಅವರೇ ಬರೆಯಲಿ ಅಂದ. ನಾನು ಬೇಡ ಅನ್ನುವಷ್ಟರಲ್ಲಿ ಮುಂದಿನ ವಿಷಯಕ್ಕೆ ಹೋಗಿಬಿಟ್ಟರು.

ನಾನು ಇಂಜಿನಿಯರ್ ಅಲ್ಲ. ಬಂಗಾರಪೇಟೆಯ ತಾಲ್ಲೂಕು ಕಚೇರಿ ಎದುರು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟವಳು. ಸಂಪುಟದ ಮೆನುಗಳನ್ನು ಕನ್ನಡಕ್ಕೆ ತಂದೆ, ಆಮೇಲೆ ಸಹಾಯದ ಪುಟ ಬರೆದೆ, ಆಮೇಲೆ ನಡಾವಳಿ. ಕೋಡ್ ಇರುವ ಕಡೆ ನಾನು ಕಾಲಿಟ್ಟವಳಲ್ಲ.

ಸಂಪುಟದಲ್ಲಿ ಎಲ್ಲವೂ ಬಯಲಲ್ಲೇ ನಡೆಯುತ್ತದೆ. ಎಲ್ಲರಿಗೂ ಒಟ್ಟಿಗೆ ಪತ್ರ ಹೋಗುವ ಮೇಲಿಂಗ್ ಲಿಸ್ಟಿಗೆ ಒಂದು ಸಾಲು ಹಾಕಿದರೆ ನಮ್ಮ ಜೊತೆ ಕೆಲಸ ಮಾಡುವ ಬ್ರೆಜಿಲ್‌ನವನೂ ಓದುತ್ತಾನೆ, ಎಷ್ಟೋ ವರ್ಷ ಬಿಟ್ಟು ಹುಡುಕಿದವನಿಗೂ ಸಿಗುತ್ತದೆ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆದಿಡೋಣ ಅಂತ ಈ ಡೈರಿ.

12 ಜೂನ್, ಬುಧವಾರ

ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕರಡು ಬರೆದೆ. ಸಂಪುಟ ಎಂದರೆ ಪತ್ರಕ್ಕೆ, ಲೆಕ್ಕದ ಹಾಳೆಗೆ, ಚಿತ್ರಕ್ಕೆ, ಚೀಟಿ ಅಚ್ಚಿಗೆ ಒಂದೊಂದು ತಂತ್ರಾಂಶವಿರುವ ಕಟ್ಟು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು. ಅದರ ಕಿಟಕಿ, ಬಟನ್, ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸಿಕೊಡುವ ಅಡಿಪಾಯ ಬೇರೆಯವರದು. ಆ ಅಡಿಪಾಯವನ್ನು ಕಟ್ಟಿದವರೇ ಕೈಬಿಟ್ಟಿದ್ದಾರೆ. ಹೊಸ ಕಂಪ್ಯೂಟರುಗಳಲ್ಲಿ ಅದು ನಿಲ್ಲುವುದಿಲ್ಲ. ಹಾಗಾಗಿ ಇಡೀ ಮನೆಯನ್ನು ಎತ್ತಿ ಹೊಸ ಅಡಿಪಾಯದ ಮೇಲೆ ಕೂರಿಸಬೇಕು, ಅದೇ ಆರನೇ ಆವೃತ್ತಿ. ವೇಣು ಎರಡು ವರ್ಷದಿಂದ ಇದಕ್ಕೇ ರಜೆಗಳನ್ನೆಲ್ಲ ಸುರಿದಿದ್ದಾನೆ.

ತಾರೀಖು ಅಕ್ಟೋಬರ್ ಎರಡು ಅಂತ ಅವರೇ ಹೇಳಿದ್ದರು, ಹಾಗೇ ಬರೆದೆ. ಅವತ್ತಿನಿಂದ ಐದನೆಯದಕ್ಕೆ ಯಾವ ತಿದ್ದುಪಡಿಯೂ ಇಲ್ಲ. ಕೊನೆಗೆ ‘ಬಳಕೆದಾರರು ಸುಲಭವಾಗಿ ದಾಟಬಹುದು’ ಎಂದು ಸೇರಿಸಿದೆ. ವೇಣು ಹೆಬ್ಬೆಟ್ಟು ಎತ್ತಿದ ಚಿತ್ರ ಕಳಿಸಿದ.

ಹೊಸ ಅಡಿಪಾಯಕ್ಕೆ ಬಾರದೆ ಉಳಿದಿರುವುದು ಚೀಟಿ ಅಚ್ಚು ಹಾಕುವ ‘ಚೀಟಿ’ ತಂತ್ರಾಂಶ ಒಂದೇ. ಅದು ಸುಬ್ರಮಣಿ ಸಾರ್ ಬರೆದದ್ದು. ಅವರಿಂದ ವರ್ಷದಿಂದ ಒಂದು ಉತ್ತರವಿಲ್ಲ. ನೀವು ಹತ್ತಿರದಲ್ಲೇ ಇದ್ದೀರಲ್ಲ, ಹೋಗಿ ಕೇಳಿ ಅಂತ ಅದೂ ನನಗೇ ಬಂತು.

23 ಜೂನ್, ಭಾನುವಾರ

ಚಾಂಪಿಯನ್ ರೀಫ್ಸಿಗೆ ಹೋಗಿ ಬಂದೆ. ರಾಬರ್ಟ್‌ಸನ್‌ಪೇಟೆವರೆಗೆ ಬಸ್ಸು, ಅಲ್ಲಿಂದ ಆಟೋ. ಗಾಳಿ ಜೋರಾಗಿತ್ತು, ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬದ ಧೂಳು ಮುಖಕ್ಕೇ ಹೊಡೆಯುತ್ತಿತ್ತು.

ಸಾರ್ ಗಣಿ ಕಚೇರಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಸೆಂಟರ್ ಇಟ್ಟರು. ನಾನು ಟೈಪಿಂಗ್ ಕಲಿತದ್ದು ಅಲ್ಲೇ. ಮಕ್ಕಳಿಗೆ ತಂತ್ರಾಂಶ ಕೊಂಡು ಹಾಕಿಕೊಡುವಷ್ಟು ಅನುಕೂಲವಿಲ್ಲ ಅಂತ ಅವರೇ ಬರೆಯಲು ಶುರುಮಾಡಿದ್ದು ಈ ಸಂಪುಟ. ಈಗ ಅದನ್ನು ನಡೆಸುವವರಲ್ಲಿ ಅರ್ಧ ಜನಕ್ಕೆ ಅವರು ಯಾರೆಂದೇ ಗೊತ್ತಿಲ್ಲ.

ಬಾಗಿಲು ತೆಗೆದದ್ದು ಅವರ ಹೆಂಡತಿ ವೆಂಕಟರತ್ನಮ್ಮ ಆಂಟಿ. ಸಾರ್ ಕುರ್ಚಿಯಲ್ಲಿದ್ದರು. ನನ್ನ ಕಡೆ ತಿರುಗಿದರು, ಆದರೆ ನನ್ನನ್ನಲ್ಲ, ನನ್ನ ಭುಜದ ಪಕ್ಕ ನೋಡಿದರು. ಯಾರು ಅಂತ ಕೇಳಿದರು. ಹೆಸರು ಹೇಳಿದ ಮೇಲೆ ಮುಖ ಅರಳಿತು.

ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ. ನಡುಭಾಗ ಪೂರ್ತಿ ಮಸುಕು, ಅಂಚು ಮಾತ್ರ ಕಾಣುತ್ತದೆ. ಬೆಂಗಳೂರಿನ ಡಾಕ್ಟರು ಇರುವುದನ್ನು ಉಳಿಸಿಕೊಳ್ಳಿ ಅಂದಿದ್ದಾರೆ. ಓದಿ ಹೇಳುವ ತಂತ್ರಾಂಶ ಹಾಕಿಕೊಂಡು ನೋಡಿದರಂತೆ. ಕೋಡಿನಲ್ಲಿರುವ ಪ್ರತಿ ಚುಕ್ಕಿ, ಪ್ರತಿ ಆವರಣ ಚಿಹ್ನೆ ಒದರುತ್ತದೆ, ತಲೆಯಲ್ಲಿ ಏನೂ ನಿಲ್ಲಲ್ಲ ಅಂದರು.

ನಾನು ಲಿಸ್ಟಿಗೆ ತಿಳಿಸುತ್ತೇನೆ, ಎಲ್ಲರಿಗೂ ಅರ್ಥವಾಗುತ್ತದೆ ಅಂದೆ.

“ಬೇಡಮ್ಮ,” ಅಂದರು. “ಪಾಪ ಅಂತಾರೆ. ಆಮೇಲೆ ನಾನು ಏನು ಹೇಳಿದ್ರೂ ಯಾರೂ ತೂಕ ಹಾಕಲ್ಲ.”

ಚೀಟಿಯ ವಿಷಯ ಎತ್ತಲು ಬಾಯಿ ಬರಲಿಲ್ಲ. ಆಂಟಿ ಕೊಟ್ಟ ಚಕ್ಕುಲಿ ತಿಂದು ಬಂದೆ. ಲಿಸ್ಟಿಗೆ ‘ಭೇಟಿಯಾಗಿದ್ದೇನೆ, ಸಮಯ ಬೇಕಂತೆ’ ಎಂದಷ್ಟೇ ಬರೆದೆ.

14 ಜುಲೈ

ಎಷ್ಟು ಸಮಯ ಅಂತ ವೇಣು ಮೂರು ಸಲ ಕೇಳಿದ್ದಾನೆ. ಉತ್ತರ ಕೊಟ್ಟಿಲ್ಲ.

4 ಆಗಸ್ಟ್, ಭಾನುವಾರ

ಕೆಟ್ಟ ದಿನ.

ಆರನೆಯದರ ಪರೀಕ್ಷಾ ಆವೃತ್ತಿ ಬಂದಿದೆ. ಚೀಟಿಗೆ ಬದಲಾಗಿ ಲೆಕ್ಕದ ಹಾಳೆಯಿಂದಲೇ ಅಚ್ಚು ಹಾಕುವ ತಾತ್ಕಾಲಿಕ ವ್ಯವಸ್ಥೆಯನ್ನು ವೇಣು ಮಾಡಿದ್ದ. ನಿಜವಾಗಿ ಬಳಸುವ ಜಾಗದಲ್ಲಿ ನೋಡೋಣ ಅಂತ ನಾನೇ ಕಾಮಸಮುದ್ರದ ಹತ್ತಿರ ನಮ್ಮವರ ಊರಿನ ಹಾಲಿನ ಡೈರಿಗೆ ಒಯ್ದೆ. ಯಜಮಾನರ ಚಿಕ್ಕಪ್ಪ ಮುನಿನಾರಾಯಣಪ್ಪ ಅಲ್ಲಿ ಸೆಕ್ರೆಟರಿ. ಹಿಂದೆ ಅವರು ಕೈಯಲ್ಲೇ ಚೀಟಿ ಬರೆಯುವ ಪಾಡು ನೋಡಿ ಸಂಪುಟ ಹಾಕಿಕೊಟ್ಟವಳೂ ನಾನೇ. ಹಾಲು ಅಳೆದ ಕೂಡಲೇ ಹೆಸರು, ಲೀಟರು, ಫ್ಯಾಟು ಮೂರು ಸಾಲಿನಲ್ಲಿ ಹಳೆಯ ಪ್ರಿಂಟರಿನಿಂದ ಕಿರ್ರಂತ ಬರುತ್ತದೆ.

ಬೆಳಿಗ್ಗೆ ಕ್ಯೂ ನಿಂತಿತ್ತು. ಮೊದಲ ಚೀಟಿ ಮಂಗಮ್ಮನವರದು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಏನಮ್ಮಾ ಇದು, ನನ್ನೆಸ್ರಿಗೆ ಕಾಲೇ ಇಲ್ಲ?”

ಒತ್ತಕ್ಷರ ಅರ್ಧಕ್ಕೇ ಕತ್ತರಿಸಿತ್ತು. ಮಂಗಮ್ಮ ಹೋಗಿ ಮಂಗಮ ಆಗಿದ್ದರು. ಹಿಂದೆ ನಿಂತಿದ್ದ ಮುನಿಲಕ್ಷ್ಮಿಯ ಹೆಸರಿನಲ್ಲಂತೂ ಕೆಳಗಿನ ಅಕ್ಷರ ಲೀಟರಿನ ಅಂಕಿಯ ಮೇಲೆ ಹತ್ತಿ ಕೂತಿತ್ತು. ಆರೋ ಎಂಟೋ ತಿಳಿಯುತ್ತಿರಲಿಲ್ಲ. ಫ್ಯಾಟಿನ ಸಾಲು ಮಾಯ. ಆಕೆ ಚೀಟಿ ಹಿಡಿದುಕೊಂಡು ಅಲ್ಲೇ ನಿಂತಳು. ಕೂಲಿಗೆ ಹೊರಡುವ ಹೊತ್ತು, ಆದರೂ ಕದಲಲಿಲ್ಲ.

“ಅಳೇದೇ ಆಕು ಕವಿತಮ್ಮ,” ಅಂದರು ಮುನಿನಾರಾಯಣಪ್ಪ ಮಾವ. “ಆಲು ಕಾಯಲ್ಲ, ವ್ಯಾನು ಬತ್ತೈತೆ.”

ಹಳೆಯದನ್ನು ಮತ್ತೆ ಹಾಕಿದೆ. ಸದಸ್ಯರ ಹಾಳೆ ತೆರೆಯಲಿಲ್ಲ. ಪರೀಕ್ಷಾ ಆವೃತ್ತಿ ಅದನ್ನು ಹೊಸ ರೂಪದಲ್ಲಿ ಉಳಿಸಿಬಿಟ್ಟಿತ್ತು, ಐದನೆಯದಕ್ಕೆ ಅದು ಓದಲು ಬರುವುದಿಲ್ಲ. ನನಗೆ ಇದು ಗೊತ್ತಿತ್ತು. ಸಹಾಯದ ಪುಟದಲ್ಲಿ ನಾನೇ ಬರೆದಿದ್ದೆ. ಆದರೆ ಹಾಲಿನ ಕ್ಯಾನುಗಳ ಮುಂದೆ ನಿಂತಾಗ ಅದರ ಅರ್ಥವೇ ಬೇರೆ.

ವ್ಯಾನು ಬರುವವರೆಗೆ ಕೈಯಲ್ಲೇ ಚೀಟಿ ಬರೆದೆ. ಆಮೇಲೆ ಪೆನ್‌ಡ್ರೈವಿನಲ್ಲಿದ್ದ ಹಿಂದಿನ ವಾರದ ಪ್ರತಿ ಹಾಕಿ ಸರಿಮಾಡಿದೆ. ಮಾವ ಬೈಯಲಿಲ್ಲ. ಇನ್ಮೇಲೆ ಹೊಸದು ತರುವ ಮುಂಚೆ ಒಂದು ಮಾತು ಹೇಳು ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಬಂಗಾರಪೇಟೆಗೆ ಬಂದು ಮೊದಲು ಮಾಡಿದ ಕೆಲಸ, ಯೋಜನೆಯಲ್ಲಿದ್ದ ‘ಸುಲಭವಾಗಿ’ ಎಂಬ ಪದ ಅಳಿಸಿದ್ದು.

6 ಆಗಸ್ಟ್, ಮಂಗಳವಾರ

ಹಾಲಿನ ಡೈರಿಯಲ್ಲಿ ಆದದ್ದನ್ನು ಲಿಸ್ಟಿಗೆ ಬರೆದೆ. ಒಂದು ಡೈರಿಗಾಗಿ ಎಲ್ಲರೂ ಕಾಯಲಾಗುವುದಿಲ್ಲ ಅಂತ ವೇಣು ಉತ್ತರಿಸಿದ. ಅದಾದ ಮೇಲೆ ಬೇರೆ ಬೇರೆ ಕಡೆಯಿಂದ ಪತ್ರಗಳು ಬರತೊಡಗಿದವು. ಅಕ್ಕಿ ಗಿರಣಿ, ಸೊಸೈಟಿ, ನೇಪಾಳದ ಒಂದು ಔಷಧಿ ಅಂಗಡಿ. ಚೀಟಿ ಬಳಸುವವರು ಇಷ್ಟು ಜನ ಇದ್ದಾರೆಂದು ನಮಗೇ ಗೊತ್ತಿರಲಿಲ್ಲ. ಅವರೂ ಇದುವರೆಗೆ ಬಾಯಿ ಬಿಟ್ಟವರಲ್ಲ.

ವೇಣು ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ. ಹಿಂದೆ ಮಗು ಅಳುವುದು ಕೇಳುತ್ತಿತ್ತು. “ಅಕ್ಕ, ನನಗೆ ಸಾಕಾಗಿದೆ,” ಅಂದ. “ಆ ಸಾರ್ ಒಂದು ಸಾಲು ಬರೆಯಲ್ಲ, ಬಿಟ್ಟೂ ಕೊಡಲ್ಲ.” ಅವನದೂ ತಪ್ಪಿಲ್ಲ. ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

18 ಆಗಸ್ಟ್, ಭಾನುವಾರ

ಮತ್ತೆ ಸಾರ್ ಮನೆಗೆ. ಈ ಸಲ ಎಲ್ಲ ಹೇಳಿದೆ. ಮಂಗಮ್ಮನ ಹೆಸರಿಗೆ ಕಾಲಿಲ್ಲದ್ದು ಕೇಳಿ ನಕ್ಕರು. ಹೊಸ ಅಡಿಪಾಯ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕುತ್ತಿರಬೇಕು, ಹಳೆಯದೂ ಹಾಗೇ ಇತ್ತು, ನಾನು ಅದಕ್ಕೊಂದು ಉಪಾಯ ಮಾಡಿದ್ದೆ ಅಂದರು. ಎಲ್ಲಿ ಅಂತ ಸರಿಯಾಗಿ ನೆನಪಿಲ್ಲ, ಹುಡುಕಿ ತೋರಿಸಲು ಆಗುವುದಿಲ್ಲ.

ಓದಿ ಹೇಳಲಾ ಅಂತ ಕೇಳಿದೆ. ಕೋಡ್ ಓದುವುದಲ್ಲ, ಬರೆದಿರುವುದನ್ನು ಓದುವುದಷ್ಟೆ. ಲ್ಯಾಪ್‌ಟಾಪ್ ತೆರೆದು ಚೀಟಿಯ ಮೊದಲ ಸಾಲಿನಿಂದ ಶುರುಮಾಡಿದೆ. ಚುಕ್ಕಿ, ಆವರಣ ಬಿಟ್ಟು ಮಾತಿನ ಹಾಗೆ ಓದಿದೆ. ನಡುನಡುವೆ ಅವರೇ ಬರೆದಿಟ್ಟ ಟಿಪ್ಪಣಿಗಳು, ಅರ್ಧ ತಮಿಳು, ಅರ್ಧ ಕನ್ನಡ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಒಂದು ಕಡೆ ‘ಇಲ್ಲಿ ಕೈ ಇಡಬೇಡಿ’ ಅಂತಿತ್ತು. ಯಾಕೆ ಅಂದೆ. ಅವತ್ತು ತುಂಬಾ ಕೋಪದಲ್ಲಿದ್ದೆ ಅಂದರು.

ಅವರು ಹೇಳಿದ ಬದಲಾವಣೆಗಳನ್ನು ಟೈಪ್ ಮಾಡಿಕೊಟ್ಟೆ. ಟೈಪ್ ಮಾಡುವುದು ನನ್ನ ಕಸುಬೇ.

1 ಸೆಪ್ಟೆಂಬರ್, ಭಾನುವಾರ

ಭಾನುವಾರಗಳೆಲ್ಲ ಈಗ ಚಾಂಪಿಯನ್ ರೀಫ್ಸಿನಲ್ಲಿ. ಯಜಮಾನರು ವಾರವೆಲ್ಲ ಬೆಳಗಿನ ಟ್ರೇನಿಗೆ ಫ್ಯಾಕ್ಟರಿಗೆ ಹೋಗುವವರು. ಒಂದು ದಿನ ಮನೆಯಲ್ಲಿದ್ದರೆ ನಾನಿಲ್ಲ ಅಂತ ಮುಖ ದಪ್ಪ ಮಾಡಿಕೊಂಡರು. ಇವತ್ತು ಅವರನ್ನೂ ಕರೆದುಕೊಂಡು ಹೋದೆ. ಆಂಟಿಯ ಜೊತೆ ತೆಲುಗಿನಲ್ಲಿ ಹರಟುತ್ತಾ ಬೆಳ್ಳುಳ್ಳಿ ಸುಲಿದರು. ಬರುವಾಗ ಮುಖ ಸರಿಹೋಗಿತ್ತು.

ಬರೆದದ್ದನ್ನು ಓಡಿಸಿದರೆ ಕಂಪ್ಯೂಟರ್ ತಪ್ಪುಗಳನ್ನು ಸಾಲು ಹಚ್ಚಿ ತೋರಿಸುತ್ತದೆ. ಮೊದಲು ಪ್ರತಿಯೊಂದನ್ನೂ ಸಾರ್‌ಗೆ ಓದಿ ಹೇಳುತ್ತಿದ್ದೆ. ಈಗ ಸಣ್ಣಪುಟ್ಟವನ್ನು ಅವರವರೆಗೆ ಒಯ್ಯುವುದಿಲ್ಲ, ಅರ್ಜಿಯಲ್ಲಿ ಕಾಗುಣಿತ ತಿದ್ದಿದ ಹಾಗೆ ತಿದ್ದಿಬಿಡುತ್ತೇನೆ. ಸುಮ್ಮನೆ ಅವರ ಸಮಯ ಯಾಕೆ.

15 ಸೆಪ್ಟೆಂಬರ್, ಭಾನುವಾರ

ವೇಣು ಲಿಸ್ಟಿಗೆ ಪ್ರಸ್ತಾಪ ಹಾಕಿದ್ದಾನೆ. ಒಂದು, ಆರನೆಯದರಿಂದ ಚೀಟಿಯನ್ನು ತೆಗೆಯುವುದು. ಎರಡು, ವರ್ಷದಿಂದ ಕೆಲಸ ಮಾಡದವರಿಗೆ ಕೋಡ್ ಸೇರಿಸುವ ಅಧಿಕಾರ ಇರಕೂಡದು. ಹೆಸರು ಹಾಕಿಲ್ಲ. ಅಂಥವರು ಒಬ್ಬರೇ ಇರುವುದು.

ಕೋಡ್ ಓದಿ ಮುಗಿಸಿದ ಮೇಲೆ ಸಾರ್, ಲಿಸ್ಟಿನಲ್ಲಿ ಏನು ಬಂದಿದೆ ಅದನ್ನೂ ಓದು ಅಂದರು. ಬೇರೆ ಎರಡು ಪತ್ರ ಓದಿದೆ. ಅಷ್ಟೇನಾ ಅಂದರು. ಅಷ್ಟೆ ಅಂದೆ. ಬಾಗಿಲವರೆಗೆ ಹೋದವಳು ವಾಪಸ್ ಬಂದು ಕೂತು ವೇಣುವಿನ ಪತ್ರವನ್ನು ಪೂರ್ತಿ ಓದಿದೆ.

“ಚೆನ್ನಾಗಿ ಬರ್ದಿದಾನೆ,” ಅಂದರು. ಆಮೇಲೆ ಮೀಟಿಂಗ್ ಯಾವತ್ತು ಅಂತ ಕೇಳಿದರು.

22 ಸೆಪ್ಟೆಂಬರ್, ಭಾನುವಾರ

ಮೀಟಿಂಗ್ ನಡೆಯಿತು. ನಡಾವಳಿಯಲ್ಲಿ ಹಾಕಲಾಗದ್ದನ್ನು ಇಲ್ಲಿ ಹಾಕುತ್ತೇನೆ.

ವೇಣು ತನ್ನ ಪ್ರಸ್ತಾಪ ಓದಿದ. ಸಾರ್ ಕೆಲಸ ಮಾಡುತ್ತಿದ್ದಾರೆ, ನಾನು ಕಣ್ಣಾರೆ ನೋಡಿದ್ದೇನೆ ಅಂದೆ. ಹಾಗಾದರೆ ಅದು ಎಲ್ಲಿದೆ ಅಂದ. ನಾವು ಇನ್ನೂ ಏನನ್ನೂ ಸೇರಿಸಿರಲಿಲ್ಲ, ಪೂರ್ತಿ ಆಗಲಿ ಅಂತ ಸಾರ್ ಹೇಳಿದ್ದರು. ಮತಕ್ಕೆ ಹಾಕೋಣ ಅಂತ ಯಾರೋ ಅಂದರು.

ಅಷ್ಟರಲ್ಲಿ ಮೀಟಿಂಗಿಗೆ ಒಂದು ಹೊಸ ಹೆಸರು ಸೇರಿಕೊಂಡಿತು. ಆಂಟಿಯ ಫೋನು. ಚಿತ್ರವಿರಲಿಲ್ಲ. ದನಿ ಸಾರ್‌ದು.

“ನಾನು ಸುಬ್ರಮಣಿ. ಚೀಟಿ ಬರ್ದೋನು. ನನಗೆ ಕಣ್ಣು ಕಾಣಲ್ಲ, ಒಂದು ವರ್ಷ ಆಯ್ತು. ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ವೇಣು ಕೇಳಿದ್ದು ಸರಿ. ನನ್ನ ಅಧಿಕಾರ ತೆಗೀರಿ. ಆದ್ರೆ ಚೀಟಿ ತೆಗೀಬೇಡಿ, ಅದು ಮುಕ್ಕಾಲು ಆಗಿದೆ. ಕವಿತ ಮಾಡ್ತಿದಾಳೆ.”

ನಾನು ಟೈಪ್ ಮಾಡುತ್ತಿದ್ದೇನೆ ಅಷ್ಟೆ ಎಂದು ತಿದ್ದಬೇಕೆಂದುಕೊಂಡೆ. ಆ ಹೊತ್ತಿನಲ್ಲಿ ಅದು ಮುಖ್ಯ ಅನ್ನಿಸಲಿಲ್ಲ.

ಯಾರಾದರೂ ಏನಾದರೂ ಹೇಳಬೇಕಿತ್ತು. ತಾರೀಖು ಬದಲಿಸುತ್ತಿದ್ದೇನೆ ಅಂದೆ. ಆರನೆಯದು ಜನವರಿ ಹತ್ತೊಂಬತ್ತಕ್ಕೆ. ಚೀಟಿ ಸೇರಿಯೇ. ಹೊಸದು ಮೊದಲ ವರ್ಷ ಹಳೆಯ ರೂಪದಲ್ಲೇ ಫೈಲುಗಳನ್ನು ಉಳಿಸುತ್ತದೆ, ಬೇಕೆಂದವರು ಮಾತ್ರ ಹೊಸ ರೂಪ ಆರಿಸಿಕೊಳ್ಳಲಿ. ಯಾರಿಗಾದರೂ ಹಿಂದಕ್ಕೆ ಹೋಗಬೇಕಾದರೆ ದಾರಿ ಇರಬೇಕು. ಐದನೆಯದಕ್ಕೆ ಎರಡು ವರ್ಷ ಭದ್ರತೆಯ ತಿದ್ದುಪಡಿಗಳು ಮಾತ್ರ ಬರುತ್ತವೆ, ಹೊಸ ಸೌಲಭ್ಯ ಯಾವುದೂ ಇಲ್ಲ. ಸಾರ್ ಅಧಿಕಾರ ಹಾಗೇ ಇರುತ್ತದೆ.

ಮತಕ್ಕೆ ಹಾಕಿ ಅಂತ ಯಾರೂ ಕೇಳಲಿಲ್ಲ. ನೆಟ್ ಸಮಸ್ಯೆ ಇರಬೇಕು ಅಂದುಕೊಂಡೆ. ಆಮೇಲೆ ವೇಣು ನಿಧಾನವಾಗಿ, ಐದನೆಯದರ ತಿದ್ದುಪಡಿ ನಾನು ನೋಡಿಕೊಳ್ಳುತ್ತೇನೆ ಅಂದ. ಅವನ ಮನೆಯಲ್ಲಿ ಚಿಕ್ಕ ಮಗು ಇರುವುದು ಗೊತ್ತಿದ್ದುದರಿಂದ ಬೇಡ ಅಂದೆ. ಬ್ರೆಜಿಲ್‌ನವನಿಗೆ ವಹಿಸಿದೆ, ಅವನು ಒಪ್ಪಿದ.

2 ಅಕ್ಟೋಬರ್

ಹಳೆಯ ತಾರೀಖು ಬಂತು, ಹೋಯಿತು. ವೇಣು ಸಾರ್‌ಗೆ ಫೋನ್ ಮಾಡಿದ್ದನಂತೆ. ತುಂಬಾ ಹೊತ್ತು ಮಾತಾಡಿದರಂತೆ, ಕಣ್ಣಿನ ಬಗ್ಗೆ ಒಂದು ಮಾತೂ ಬರಲಿಲ್ಲವಂತೆ. ಸಾರ್ ಬಹಳ ಖುಷಿಯಲ್ಲಿದ್ದರು.

10 ನವೆಂಬರ್, ಭಾನುವಾರ

ಹಳೆಯ ಚೀಟಿಯಲ್ಲಿ ಸಾರ್ ಮಾಡಿದ್ದ ಉಪಾಯ ಸಿಕ್ಕಿತು. ಪ್ರತಿ ಸಾಲಿನ ಕೆಳಗೂ ಒಂದೇ ಅಳತೆಯ ಜಾಗ ಬಿಟ್ಟಿದ್ದಾರೆ, ಒತ್ತಕ್ಷರ ಇರಲಿ ಇಲ್ಲದಿರಲಿ. ಹೊಸದರಲ್ಲೂ ಹಾಗೇ ಮಾಡು ಅಂದರು, ಮಾಡಿದೆ. ಕೆಲಸ ಮಾಡುತ್ತದೆ. ಆದರೆ ಚೀಟಿ ಉದ್ದವಾಗುತ್ತದೆ, ಕಾಗದ ವ್ಯರ್ಥ. ಪ್ರತಿ ಸಾಲಿನ ಅಕ್ಷರ ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆದು ಅಷ್ಟೇ ಜಾಗ ಬಿಟ್ಟರಾಗದೇ? ಕೇಳಲು ಹೋಗಲಿಲ್ಲ.

8 ಡಿಸೆಂಬರ್, ಭಾನುವಾರ

ಎರಡನೇ ಪರೀಕ್ಷಾ ಆವೃತ್ತಿಯನ್ನು ಹಾಲಿನ ಡೈರಿಯಲ್ಲಿ ನೋಡಿದೆವು. ಮೊದಲೇ ಮಾವನಿಗೆ ಹೇಳಿ, ಹಾಳೆಯ ಪ್ರತಿ ತೆಗೆದಿಟ್ಟು, ಅವರ ಕಂಪ್ಯೂಟರ್ ಮುಟ್ಟದೆ ನನ್ನ ಲ್ಯಾಪ್‌ಟಾಪನ್ನು ಪ್ರಿಂಟರಿಗೆ ಜೋಡಿಸಿದೆ. ಮುನಿಲಕ್ಷ್ಮಿ ಚೀಟಿ ತೆಗೆದುಕೊಂಡು ಓದಿ, ಮಡಚಿ, ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು. ಮಂಗಮ್ಮ ಮಾತ್ರ, ಮೊದಲಿಗಿಂತ ಉದ್ದ ಆಗೈತೆ, ಯಾಕೆ ಅಂದರು.

19 ಜನವರಿ 2025, ಭಾನುವಾರ

ಆರನೆಯದು ಹೊರಗೆ ಬಂತು. ಮಧ್ಯಾಹ್ನ ಬಟನ್ ಒತ್ತಿದ್ದು ನಾನೇ, ಎಲ್ಲರೂ ನೀವೇ ಒತ್ತಿ ಅಂದರು. ಎರಡು ದೋಷ ವರದಿಯಾಗಿವೆ, ಒಂದನ್ನು ಆಗಲೇ ಸರಿಮಾಡಿದೆ. ಊಟ ತಡವಾಯಿತು.

2 ಫೆಬ್ರವರಿ, ಭಾನುವಾರ

ಬಾಗಿಲಲ್ಲೇ ಸಾರ್ ಕೇಳಿದರು, ಸಾಲಿನ ಜಾಗ ಬದಲಾಯಿಸಿದ್ದೀಯಂತೆ ಅಂತ. ವೇಣು ಫೋನಿನಲ್ಲಿ ಹೇಳಿದ್ದಾನೆ. ಹೌದು ಅಂದೆ. ಅಳೆದು ಬಿಡುವ ಹಾಗೆ ಮಾಡಿದ್ದೇನೆ, ಚೀಟಿ ಗಿಡ್ಡವಾಗಿದೆ, ಗುರುವಾರವೇ ಸೇರಿಸಿದೆ ಅಂತ ವಿವರಿಸಿದೆ.

“ನನ್ನನ್ನ ಕೇಳ್ಲಿಲ್ಲ,” ಅಂದರು.

ಕೇಳುವುದು ನನಗೆ ನೆನಪಿಗೇ ಬಂದಿರಲಿಲ್ಲ. ಹಾಗೇ ಹೇಳಿದೆ. ನೊಂದುಕೊಂಡರೇನೋ ಅಂತ ಆಂಟಿಯ ಕಡೆ ನೋಡಿದೆ. ಅವರು ಕಾಫಿ ಇಟ್ಟು ಒಳಗೆ ಹೋದರು.

“ನೀನು ಮಾಡಿದ್ದು ತಪ್ಪು,” ಅಂದರು ಸಾರ್. “ಹಳೇ ಪ್ರಿಂಟರು ಅಷ್ಟು ಸಣ್ಣ ಅಳತೆಗೆ ಕಾಗದ ಜರುಗಿಸಲ್ಲ. ಕೂತ್ಕೋ.”

ಕೂತೆ. ಜರುಗಿಸುತ್ತದೆ ಅಂದೆ. ಎಲ್ಲ ಪ್ರಿಂಟರೂ ಜರುಗಿಸಲ್ಲ ಅಂದರು. ಜರುಗಿಸದವಕ್ಕೆ ನಿಮ್ಮದು, ಉಳಿದವಕ್ಕೆ ನನ್ನದು ಅಂದೆ. ಎರಡು ದಾರಿ ಇಟ್ಟರೆ ಎರಡನ್ನೂ ಕಾಯಬೇಕು, ಯಾರು ಕಾಯ್ತಾರೆ ಅಂದರು. ನಾನು ಕಾಯ್ತೀನಿ ಅಂದೆ. ಕಾಫಿ ಆರಿಹೋಯಿತು. ದನಿ ಏರಿದ್ದಕ್ಕೆ ಆಂಟಿ ಎರಡು ಸಲ ಬಂದು ನೋಡಿ ಹೋದರು. ನಾನು ಬಿಟ್ಟುಕೊಡಲಿಲ್ಲ, ಅವರೂ ಕೊಡಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವರ ವಾದದಲ್ಲಿ ಒಂದು ತೂತು ಕಾಣಿಸಿತು. ಕಾಗದ ಜರುಗಿಸುವ ಕನಿಷ್ಠ ಅಳತೆಯನ್ನು ಪ್ರಿಂಟರನ್ನೇ ಕೇಳಿ ತಿಳಿಯಬಹುದು, ಎರಡು ದಾರಿ ಬೇಕಿಲ್ಲ. ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಫೋನ್ ಮಾಡಿ ಹೇಳಿದೆ.

ನೀನು ಹೊರಟ ಕೂಡಲೇ ನನಗೂ ಅದು ಹೊಳೆಯಿತು ಅಂದರು ಸಾರ್. ನೀನಾಗಿ ಫೋನ್ ಮಾಡ್ತೀಯೋ ಇಲ್ವೋ ನೋಡೋಣ ಅಂತ ಕಾಯ್ತಾ ಕೂತಿದ್ದೆ ಅಂದರು.